ಕೀಬೋರ್ಡಿನ ಗುಂಡಿಗಳೂ ಶಬ್ದದ ಗುಣಗಳೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಯಕ್ಷಗಾನ ನೋಡುವವರಿಗೆ ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂಬ ಮಾತು ಹೊಸದಲ್ಲ. ಭಾಗವತರ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವ ರೂಢಿ ಅದು. ಈ ಲೆಕ್ಕ ತಿಳಿದಿದ್ದರೆ ಶಾಲೆಯ ಎಲೆಕ್ಟ್ರಾನಿಕ್ ಕೀಬೋರ್ಡಿನ ಗುಂಡಿಗಳನ್ನು ಕಂಡು ಗಾಬರಿಪಡಬೇಕಾಗಿಲ್ಲ. ಸ್ಥಾಯಿ, ಗಟ್ಟಿತನ, ಗುಣ – ಇವು ಶಬ್ದದ ಮೂರು ಲಕ್ಷಣಗಳೆಂದು ನೀವು ಪಾಠದಲ್ಲಿ ಓದಿದ್ದೀರಿ. ಹೆಚ್ಚಿನ ಗುಂಡಿಗಳು ಇವುಗಳಲ್ಲಿ ಯಾವುದಾದರೊಂದನ್ನು ಬದಲಿಸುತ್ತವೆ, ಅಷ್ಟೆ.

ಮೊದಲು ಸ್ಥಾಯಿ. ಇದು ಕಂಪನಗಳ ಆವೃತ್ತಿಯನ್ನು ಅವಲಂಬಿಸಿದೆ. ಕೀಬೋರ್ಡಿನ ನಡುವಿನ ‘ಬಿಳಿ ಒಂದು’ ಸೆಕೆಂಡಿಗೆ 261.63 ಸಲ ಕಂಪಿಸುತ್ತದೆ. ಅಲ್ಲಿಂದ ಕಪ್ಪು-ಬಿಳಿ ಎರಡನ್ನೂ ಎಣಿಸುತ್ತ ಒಂದೊಂದು ಮನೆ ಮೇಲೇರಿದಂತೆ ಆವೃತ್ತಿ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಹನ್ನೆರಡು ಮನೆ ದಾಟಿದಾಗ ಅದು ಸರಿಯಾಗಿ ಎರಡು ಪಟ್ಟಾಗುತ್ತದೆ.

ನಿಮ್ಮ ವಿದ್ಯಾರ್ಥಿಯೊಬ್ಬ ನಾಡಗೀತೆಯನ್ನು ಬಿಳಿ ಒಂದರಿಂದ ನುಡಿಸಲು ಕಲಿತಿದ್ದಾನೆ. ಹಾಡುವವರಿಗೆ ಕಪ್ಪು ಎರಡು ಬೇಕು ಎನ್ನೋಣ. ಆಗ ‘ಟ್ರಾನ್ಸ್‌ಪೋಸ್’ ಗುಂಡಿ ಒತ್ತಿ +3 ಎಂದು ಇಡಿ. ಬೆರಳುಗಳು ಹಳೆಯ ಮನೆಗಳಲ್ಲೇ ಆಡುತ್ತವೆ. ಹೊರಡುವ ಷಡ್ಜ ಮಾತ್ರ 311.13 ಹರ್ಟ್ಸ್. ‘ಆಕ್ಟೇವ್’ ಗುಂಡಿ ಆವೃತ್ತಿಯನ್ನು ಒಮ್ಮೆಗೇ ಇಮ್ಮಡಿ ಅಥವಾ ಅರ್ಧ ಮಾಡುತ್ತದೆ. ‘ಟ್ಯೂನ್’ ಎಂಬುದು ಒಂದು ಮನೆಗಿಂತ ಕಡಿಮೆ ಅಂತರವನ್ನು ಸರಿಪಡಿಸಲು. ಎಲೆಕ್ಟ್ರಾನಿಕ್ ತಂಬೂರದ ಶ್ರುತಿ ಕೂದಲೆಳೆಯಷ್ಟು ಹೆಚ್ಚು-ಕಡಿಮೆ ಇದ್ದರೆ ಕೀಬೋರ್ಡನ್ನು ಅದಕ್ಕೆ ಹೊಂದಿಸುವುದು ಇದರಿಂದಲೇ.

ಎರಡನೆಯದು ಗುಣ. ಒಂದೇ ಷಡ್ಜ ಕೊಳಲಿನಲ್ಲಿ ಒಂದು ಬಗೆ, ಪಿಟೀಲಿನಲ್ಲಿ ಇನ್ನೊಂದು ಬಗೆ ಕೇಳುತ್ತದಲ್ಲವೆ? ಮೂಲ ಆವೃತ್ತಿಯ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುವುದು ಇದಕ್ಕೆ ಮುಖ್ಯ ಕಾರಣ. ‘ವಾಯ್ಸ್’ ಅಥವಾ ‘ಟೋನ್’ ಗುಂಡಿ ಈ ಬೆರಕೆಯನ್ನು ಬದಲಿಸುತ್ತದೆ. ಇಂದಿನ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ನಿಜವಾದ ವಾದ್ಯಗಳ ಧ್ವನಿಯನ್ನೇ ಅಂಕಿಗಳ ರೂಪದಲ್ಲಿ ಚಿಪ್ಪಿನೊಳಗೆ ದಾಖಲಿಸಿಟ್ಟಿರುತ್ತಾರೆ.

ಮೂರನೆಯದು ಗಟ್ಟಿತನ. ‘ವಾಲ್ಯೂಮ್’ ಎಲ್ಲರಿಗೂ ಗೊತ್ತು. ‘ಟಚ್’ ಎಂಬುದು ಸ್ವಾರಸ್ಯಕರ. ಈ ಸೌಲಭ್ಯವಿರುವ ವಾದ್ಯದ ಪ್ರತಿ ಮನೆಯ ಕೆಳಗೂ ಸಾಮಾನ್ಯವಾಗಿ ಎರಡು ಸ್ವಿಚ್ಚುಗಳಿರುತ್ತವೆ. ಬೆರಳು ಒತ್ತಿದಾಗ ಒಂದರ ನಂತರ ಇನ್ನೊಂದು ಮುಟ್ಟುತ್ತದೆ. ನಡುವಿನ ಸಮಯ ಕಡಿಮೆಯಾದಷ್ಟೂ ಧ್ವನಿ ಗಟ್ಟಿ. ಅಂದರೆ ಯಂತ್ರ ಅಳೆಯುವುದು ನಿಮ್ಮ ಬೆರಳಿನ ಬಲವನ್ನಲ್ಲ, ವೇಗವನ್ನು! ‘ಸಸ್ಟೇನ್’ ಒತ್ತಿದರೆ ಬೆರಳು ತೆಗೆದ ಮೇಲೂ ನಾದ ನಿಧಾನವಾಗಿ ಕ್ಷೀಣಿಸುತ್ತದೆ.

ಉಳಿದದ್ದು ಕಾಲ. ‘ಟೆಂಪೋ’ 60 ಎಂದರೆ ನಿಮಿಷಕ್ಕೆ 60 ಎಣಿಕೆ. ಆದಿತಾಳದ ಎಂಟು ಎಣಿಕೆಯ ಒಂದು ಆವರ್ತಕ್ಕೆ 8 ಸೆಕೆಂಡು ಬೇಕು. 120 ಮಾಡಿದರೆ 4 ಸೆಕೆಂಡು ಸಾಕು.

ಇನ್ನು ಯಾವ ಗುಂಡಿಯಿಂದ ಏನು ಆಗುವುದಿಲ್ಲ ಎಂಬುದನ್ನು ಒಂದು ಪ್ರಯೋಗದಿಂದ ತಿಳಿಯೋಣ. ಆರ್ಗನ್ನಿನಂಥ, ಅಲುಗದೆ ನಿಲ್ಲುವ ಧ್ವನಿಯನ್ನು ಆರಿಸಿಕೊಳ್ಳಿ. ‘ರಿವರ್ಬ್’, ‘ಕೋರಸ್’ ನಿಲ್ಲಿಸಿ, ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ. ನಡುವಿನ ಬಿಳಿ ಒಂದು ಮತ್ತು ಬಿಳಿ ಐದನ್ನು, ಅಂದರೆ ಸ ಮತ್ತು ಪ ಸ್ವರಗಳನ್ನು, ಒಟ್ಟಿಗೆ ಒತ್ತಿ ಹಿಡಿಯಿರಿ. ಗಮನವಿಟ್ಟು ಕೇಳಿದರೆ ನಾದ ಸೆಕೆಂಡಿಗೆ ಸುಮಾರು ಒಮ್ಮೆ ಮೆಲ್ಲಗೆ ಏರಿಳಿಯುತ್ತದೆ. ಈಗ ಬಿಳಿ ಒಂದರ ಜೊತೆ ಬಿಳಿ ಮೂರನ್ನು, ಅಂದರೆ ಅಂತರ ಗಾಂಧಾರವನ್ನು, ಒತ್ತಿ. ಸೆಕೆಂಡಿಗೆ ಸುಮಾರು ಹತ್ತು ಸಲ ನಡುಗುವಂತೆ ಕೇಳುತ್ತದೆ. ಇವೇ ವಿಸ್ಪಂದಗಳು.

ಕಾರಣ ಸರಳ. ಷಡ್ಜಕ್ಕೆ ಶುದ್ಧವಾಗಿ ಹೊಂದುವ ಗಾಂಧಾರ ಅದರ 5/4 ಪಟ್ಟು, ಅಂದರೆ 327.04 ಹರ್ಟ್ಸ್. ಕೀಬೋರ್ಡಿನದು 329.63. ಷಡ್ಜದ ಐದನೆಯ ಮತ್ತು ಗಾಂಧಾರದ ನಾಲ್ಕನೆಯ ಉಪಸ್ವರಗಳು ಒಂದಾಗಬೇಕಿತ್ತು. ಸುಮಾರು 10 ಹರ್ಟ್ಸ್ ದೂರ ಉಳಿಯುತ್ತವೆ. ಯಾವ ಮನೆಯಿಂದ ಹಾಡು ಎತ್ತಿಕೊಂಡರೂ ಒಂದೇ ರೀತಿ ಕೇಳಲೆಂದು ಹನ್ನೆರಡು ಅಂತರಗಳನ್ನು ಸಮವಾಗಿ ಹಂಚಿದ್ದಕ್ಕೆ ತೆತ್ತ ಬೆಲೆ ಇದು. ಟ್ರಾನ್ಸ್‌ಪೋಸ್ ಮಾಡಿದರೂ ಈ ಅಂತರಗಳ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ತಂಬೂರದೊಡನೆ ಹಾಡುವ ಮಗುವಿನ ಗಾಂಧಾರ ಕೀಬೋರ್ಡಿಗಿಂತ ತುಸು ತಗ್ಗಿದ್ದರೆ ‘ಅಪಸ್ವರ’ ಎಂದು ಗದರಬೇಡಿ. ಮಗುವಿನ ಕಿವಿಯೇ ಸರಿಯಿರಬಹುದು.

ಕೊನೆಗೊಂದು ಸೂಚನೆ. ವಾರ್ಷಿಕೋತ್ಸವದ ಹೊತ್ತಿಗೆ ಕೀಬೋರ್ಡಿನ ಶ್ರುತಿ ಕೆಟ್ಟಿದೆ ಎನಿಸಿದರೆ ರಿಪೇರಿಗೆ ಒಯ್ಯುವ ಮೊದಲು ಟ್ರಾನ್ಸ್‌ಪೋಸ್, ಆಕ್ಟೇವ್, ಟ್ಯೂನ್ ಮೂರನ್ನೂ ನೋಡಿ. ಹಿಂದೆ ನುಡಿಸಿದವರು ಬದಲಿಸಿ ಹಾಗೆಯೇ ಬಿಟ್ಟಿರಬಹುದು. ಒಂದೆರಡು ಮನೆಗಳು ಮಾತ್ರ ಮೂಕವಾಗಿದ್ದರೆ ಒಳಗಿನ ರಬ್ಬರ್ ಸ್ವಿಚ್ಚಿಗೆ ದೂಳೋ ತೇವವೋ ತಗುಲಿರುವ ಸಂಭವ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಿ ವಾದ್ಯವನ್ನು ಒಣ ಜಾಗದಲ್ಲಿ ಮುಚ್ಚಿಡುವುದೇ ಇದಕ್ಕೆ ಒಳ್ಳೆಯ ಉಪಾಯ.