ಪ್ರಶ್ನಪತ್ರಿಕೆಯನ್ನು ಓದಿ ಹೇಳುವ ಬಗೆ

ಪರೀಕ್ಷೆಯ ಉದ್ದೇಶವೇನು? ವಿದ್ಯಾರ್ಥಿನಿಯು ಕಲಿತ ವಿಷಯವನ್ನು ಎಷ್ಟರ ಮಟ್ಟಿಗೆ ಗ್ರಹಿಸಿರುವಳೆಂದು ತಿಳಿಯುವುದೇ ಅಲ್ಲವೇ? ಹೀಗಿರಲು, ಲೆಕ್ಕವನ್ನು ಚೆನ್ನಾಗಿ ಬಲ್ಲ ಬಾಲಿಕೆಯೊಬ್ಬಳು ದೃಷ್ಟಿಯಿಲ್ಲದ ಕಾರಣದಿಂದ ಅಚ್ಚಾದ ಪ್ರಶ್ನೆಯನ್ನೇ ಅರಿಯಲಾರದೆ ಹೋದರೆ, ಆಕೆಗೆ ಬಂದ ಸೊನ್ನೆಯನ್ನು ಆಕೆಯ ಗಣಿತಜ್ಞಾನದ ಅಳತೆಯೆಂದು ಹೇಳುವುದು ನ್ಯಾಯವಾಗಲಾರದು. ಅಕ್ಷರಗಳು ಕಣ್ಣಿಗೆ ಕಂಡರೂ ಅವುಗಳನ್ನು ಕೂಡಿಸಿ ಓದುವುದರಲ್ಲಿ ಬಹು ಶ್ರಮಪಡುವ, ಅಂದರೆ ಡಿಸ್ಲೆಕ್ಸಿಯ ಎಂಬ ತೊಂದರೆಯುಳ್ಳ ಮಕ್ಕಳ ಪಾಡೂ ಇಂಥದೇ. ಇಂಥವರಿಗೆ ಪ್ರಶ್ನೆಯನ್ನು ಧ್ವನಿಯ ಮೂಲಕವೂ, ಚಿತ್ರವನ್ನು ಮಾತಿನ ವರ್ಣನೆಯ ಮೂಲಕವೂ ಮುಟ್ಟಿಸುವ ಕ್ರಮವೊಂದುಂಟು. ಅದರ ವಿಚಾರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಕ್ರಮವು ಹೆಚ್ಚಾಗಿ ಬೆಳೆದದ್ದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಒಂದು ರಾಜ್ಯದ ಮಕ್ಕಳೆಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಒಂದೇ ನಿಯಮದ ಮೇರೆಗೆ ಕೊಡುವ ಏಕರೂಪ ಪರೀಕ್ಷೆಗಳು ಬಹುಕಾಲದಿಂದ ನಡೆದು ಬಂದಿವೆ. ಆದರೆ ಅಂಗವೈಕಲ್ಯವುಳ್ಳ ಮಕ್ಕಳನ್ನು ಅನೇಕ ಕಡೆಗಳಲ್ಲಿ ಈ ಪರೀಕ್ಷೆಗಳಿಂದ ಹೊರಗಿಡುತ್ತಿದ್ದರು. ೧೯೯೭ರಲ್ಲಿ ತಿದ್ದುಪಡಿಯಾದ ಶಿಕ್ಷಣದ ಕಾನೂನು, ಇಂಥ ಮಕ್ಕಳನ್ನೂ ತಕ್ಕ ಅನುಕೂಲಗಳೊಡನೆ ಪರೀಕ್ಷೆಗೆ ಸೇರಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ಆಗ ಎದ್ದ ಪ್ರಶ್ನೆ ಇದು: ಎಷ್ಟು ಸಹಾಯ ಮಾಡಬಹುದು? ಕಡಿಮೆಯಾದರೆ ಆ ಮಗುವಿಗೆ ಅನ್ಯಾಯ. ಹೆಚ್ಚಾದರೆ ಉಳಿದವರಿಗೆ ಅನ್ಯಾಯ.

ಮೊದಲು ಧ್ವನಿಯ ವಿಷಯ. ಉಪಾಧ್ಯಾಯಿನಿಯೊಬ್ಬಳು ಪಕ್ಕದಲ್ಲಿ ಕುಳಿತು ಓದುವುದು ಹಳೆಯ ಪದ್ಧತಿ. ಆದರೆ ಸರಿಯುತ್ತರ ಬಂದಾಗ ಆಕೆಗೆ ತಿಳಿಯದೆಯೇ ಸ್ವರವು ಏರಬಹುದು. ಮತ್ತೊಬ್ಬಳು ಆತುರದಿಂದ ಓದಬಹುದು. ಮಗುವಾದರೋ ನಾಲ್ಕನೆಯ ಸಾರಿ ಕೇಳಲು ಸಂಕೋಚಪಡುವುದು. ಗಣಕಯಂತ್ರದ ಧ್ವನಿಯು ಎಲ್ಲರಿಗೂ ಒಂದೇ ರೀತಿಯಾಗಿ ಓದುತ್ತದೆ, ಎಷ್ಟು ಸಾರಿ ಕೇಳಿದರೂ ಬೇಸರಪಡುವುದಿಲ್ಲ.

ಎಲ್ಲವನ್ನೂ ಓದಿ ಹೇಳಬಹುದೇ? ಇಲ್ಲಿ ಪರೀಕ್ಷೆಯು ಏನನ್ನು ಅಳೆಯುತ್ತದೆಂಬುದನ್ನು ನೋಡಬೇಕು. ಹಲವು ರಾಜ್ಯಗಳು ಕೂಡಿ ೨೦೧೫ರಲ್ಲಿ ನಡೆಸತೊಡಗಿದ ಸ್ಮಾರ್ಟರ್ ಬ್ಯಾಲೆನ್ಸ್ಡ್ ಎಂಬ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳಿಗೆ ಧ್ವನಿಯ ಸಹಾಯವು ಸುಲಭವಾಗಿ ದೊರೆಯುತ್ತದೆ. ಭಾಷೆಯ ವಾಚನಭಾಗಗಳಿಗಾದರೋ, ಅಂಥ ಅಗತ್ಯವು ದಾಖಲೆಯಾಗಿರುವ ಮಕ್ಕಳಿಗೆ ಮಾತ್ರ. ಯಾಕಂದರೆ ಓದುವ ಶಕ್ತಿಯನ್ನೇ ಅಳೆಯುವಾಗ ಓದಿ ಹೇಳಿದರೆ, ಅಳೆಯಬೇಕಾದುದೇ ಬೇರೆಯಾಗಿ ಹೋಗುವ ಸಂಭವವುಂಟು.

ಗಣಿತವನ್ನು ಓದುವುದೂ ಸುಲಭವಲ್ಲ. ‘ಮೂರು ಕೂಡಿಸು ನಾಲ್ಕು ಗುಣಿಸು ಐದು’ ಎಂದಷ್ಟೇ ಕೇಳಿದವಳು ಏನು ಬರೆಯಬೇಕು? ಆವರಣವಿಲ್ಲದಿದ್ದರೆ ಉತ್ತರ ೨೩; ಮೊದಲೆರಡು ಅಂಕಿಗಳು ಆವರಣದೊಳಗಿದ್ದರೆ ೩೫. ಆದುದರಿಂದ ‘ಆವರಣ ಆರಂಭ, ಆವರಣ ಮುಕ್ತಾಯ’ ಎಂಬುದನ್ನೂ ಧ್ವನಿಯು ಹೇಳಲೇಬೇಕು.

ಇನ್ನು ಚಿತ್ರದ ವಿಷಯ. ಇದೇ ಅತ್ಯಂತ ಸೂಕ್ಷ್ಮವಾದದ್ದು. ಗಡಿಯಾರದ ಚಿತ್ರವನ್ನು ಕೊಟ್ಟು ‘ವೇಳೆ ಎಷ್ಟು?’ ಎಂದು ಕೇಳಿದೆಯೆನ್ನಿ. ವರ್ಣಿಸುವವರು ‘ಮೂರೂವರೆ ಗಂಟೆ ತೋರಿಸುವ ಗಡಿಯಾರ’ ಎಂದರೆ ಉತ್ತರವನ್ನೇ ಕೊಟ್ಟಂತಾಯಿತು. ‘ಒಂದು ಗಡಿಯಾರ’ ಎಂದು ಸುಮ್ಮನಾದರೆ ಏನನ್ನೂ ಕೊಡದಂತಾಯಿತು. ‘ಚಿಕ್ಕ ಮುಳ್ಳು ೩ಕ್ಕೂ ೪ಕ್ಕೂ ನಡುವೆ ಇದೆ, ದೊಡ್ಡ ಮುಳ್ಳು ೬ರ ಮೇಲಿದೆ’ ಎಂಬುದೇ ಸರಿಯಾದ ವರ್ಣನೆ. ಹಾಗೆಯೇ ತ್ರಿಕೋನದ ಜಾತಿಯನ್ನು ಕೇಳಿದಲ್ಲಿ ‘ಲಂಬಕೋನ ತ್ರಿಕೋನ’ ಎನ್ನಕೂಡದು. ‘ಒಂದು ಮೂಲೆಯಲ್ಲಿ ಸಣ್ಣ ಚೌಕದ ಗುರುತಿದೆ’ ಎನ್ನಬೇಕು. ಮಳೆಯ ಸ್ತಂಭಾಲೇಖವಿದ್ದರೆ ‘ಜುಲೈ ತಿಂಗಳಲ್ಲಿ ಅತಿ ಹೆಚ್ಚು’ ಎನ್ನದೆ, ಪ್ರತಿಯೊಂದು ಸ್ತಂಭದ ತುದಿಯು ಯಾವ ಗೆರೆಯವರೆಗೆ ಮುಟ್ಟಿದೆಯೆಂದು ಕ್ರಮವಾಗಿ ಹೇಳಬೇಕು. ಕಣ್ಣು ಕಾಣಬಹುದಾದುದನ್ನೆಲ್ಲ ಹೇಳುವುದು, ಬುದ್ಧಿಯು ಕಂಡುಹಿಡಿಯಬೇಕಾದುದನ್ನು ಬಿಡುವುದು: ಸೂತ್ರವು ಇಷ್ಟೇ. ಬರಿಯ ಅಲಂಕಾರಕ್ಕಾಗಿ ಹಾಕಿದ ಚಿತ್ರಕ್ಕೆ ವರ್ಣನೆಯೇ ಬೇಡ. ಅದು ಕೇಳುವವಳ ವೇಳೆಯನ್ನು ತಿನ್ನುವುದಷ್ಟೆ. ಭೂಪಟದಂಥವು ಮಾತಿಗೆ ಸಿಕ್ಕುವುದು ಕಷ್ಟವಾದುದರಿಂದ, ಬೆರಳಿನಿಂದ ಮುಟ್ಟಿ ತಿಳಿಯುವ ಉಬ್ಬುಚಿತ್ರವೂ ಜೊತೆಗಿದ್ದರೆ ಉತ್ತಮ.

ನಮ್ಮ ದೇಶದಲ್ಲಿಯೂ ದಾರಿಯು ತೆರೆದಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಪರೀಕ್ಷಾಕ್ರಮದಲ್ಲಿ ತಕ್ಕ ಮಾರ್ಪಾಡುಗಳನ್ನು ಮಾಡಬೇಕೆಂದು ಹೇಳುತ್ತದೆ. ೨೦೧೮ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯು, ಬರೆಹಗಾರರ ಸಹಾಯ ಪಡೆಯುವವರಿಗೆ ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ವೇಳೆಯನ್ನು ಗೊತ್ತುಮಾಡಿ, ಬ್ರೈಲ್, ಗಣಕಯಂತ್ರ, ದೊಡ್ಡಕ್ಷರ, ಧ್ವನಿಮುದ್ರಣ ಇವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಲು ಅವಕಾಶವಿತ್ತಿತು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಪತ್ರಿಕೆಗಳಲ್ಲಿ ಚಿತ್ರವುಳ್ಳ ಪ್ರಶ್ನೆಗೆ ಬದಲಾಗಿ ದೃಷ್ಟಿಹೀನರಿಗೆ ಬೇರೊಂದು ಪ್ರಶ್ನೆಯನ್ನು ಕೊಡುವುದುಂಟು. ಇದು ಒಳ್ಳೆಯದೇ, ಆದರೂ ಒಳ್ಳೆಯ ವರ್ಣನೆಯಿದ್ದಲ್ಲಿ ಆಕೆಯೂ ತನ್ನ ಗೆಳತಿಯರು ಬಿಡಿಸುವ ಪ್ರಶ್ನೆಯನ್ನೇ ಬಿಡಿಸಬಹುದು.

ಕನ್ನಡವನ್ನು ಓದಿ ಹೇಳುವ ಧ್ವನಿಯು ಉಚಿತವಾಗಿ ದೊರೆಯುವ ಎನ್.ವಿ.ಡಿ.ಎ. ಎಂಬ ತಂತ್ರಾಂಶದಲ್ಲಿಯೂ ಇದೆ. ಆದರೆ ಒಂದು ಎಚ್ಚರಿಕೆ: ಪ್ರಶ್ನಪತ್ರಿಕೆಯು ಯೂನಿಕೋಡ್ ಅಕ್ಷರಗಳಲ್ಲಿರಬೇಕು. ಯೂನಿಕೋಡಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದರೆ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುವುದು. ಪುಟದ ಛಾಯಾಚಿತ್ರವನ್ನು ಕೊಟ್ಟರೆ ಮೌನವಾಗಿಯೇ ಇರಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ತಮ್ಮ ಮುಂದಿನ ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸುವಾಗ ಹೀಗೆ ಮಾಡಿ ನೋಡಬಹುದು. ಪತ್ರಿಕೆಯ ಒಂದು ಚಿತ್ರವನ್ನು ತೋರಿಸದೆ, ಮಾತಿನಲ್ಲಿಯೇ ವರ್ಣಿಸಿ, ಎದುರಿಗಿರುವವರಿಗೆ ಬರೆಯಹೇಳಿರಿ. ಬರೆದ ಚಿತ್ರವು ಅಚ್ಚಿನ ಚಿತ್ರಕ್ಕೆ ಹೋಲಿದರೆ ವರ್ಣನೆ ಸರಿಯೆಂದು ತಿಳಿಯಬಹುದು. ಹೋಲದಿದ್ದರೆ, ತಪ್ಪು ಬರೆದವರದಲ್ಲ, ಹೇಳಿದವರದೆಂದು ಒಪ್ಪಿಕೊಂಡು ಮತ್ತೊಮ್ಮೆ ಹೇಳಬೇಕು. ಈ ಸಣ್ಣ ಶ್ರಮದಿಂದ ಒಬ್ಬ ಬಾಲಿಕೆಯಾದರೂ ತಾನು ಬಲ್ಲದ್ದನ್ನು ಬಲ್ಲೆನೆಂದು ತೋರಿಸುವಂತಾದರೆ ಶ್ರಮವು ಸಾರ್ಥಕವಾಗುವುದು.