ಗುಲಾಬಿ ಬೀಜಕ್ಕೆ ಬೇಕಾದ ಚಳಿಗಾಲ

ಗುಲಾಬಿ ಗಿಡವನ್ನು ಹೆಚ್ಚಿಸಿಕೊಳ್ಳುವ ಮಾತು ಬಂದಾಗ ಮನೆಯಂಗಳದಲ್ಲಿ ನೆನಪಾಗುವುದು ಕಡ್ಡಿ ನೆಡುವುದು, ನರ್ಸರಿಯಲ್ಲಾದರೆ ಕಣ್ಣು ಕಸಿ. ಬೀಜದ ವಿಚಾರ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಪೂಜೆಗೆ, ಮುಡಿಗೆ, ಮಾಲೆಗೆ ಎಂದು ಅರಳಿದ ಹೂವನ್ನೆಲ್ಲ ಕೊಯ್ಯುವ ಕಡೆ ಕಾಯಿ ಕಟ್ಟಲು ಹೂವೇ ಉಳಿಯುವುದಿಲ್ಲ, ಗಿಡದಲ್ಲೇ ಬಾಡಿದ್ದನ್ನೂ ಮುಂದಿನ ಮೊಗ್ಗು ಬೇಗ ಬರಲೆಂದು ಕತ್ತರಿಸಿ ಹಾಕುವುದು ವಾಡಿಕೆ. ಹೀಗಾಗಿ ಗುಲಾಬಿಯೂ ಕಾಯಿ ಬಿಡುತ್ತದೆ, ಆ ಕಾಯಿ ಹಣ್ಣಾಗುತ್ತದೆ, ಅದರೊಳಗೆ ಮೊಳೆಯಬಲ್ಲ ಬೀಜವಿರುತ್ತದೆ ಎಂಬುದು ವರ್ಷಗಟ್ಟಲೆ ಗುಲಾಬಿ ಬೆಳೆಸಿದವರಿಗೂ ಹೊಸ ಸುದ್ದಿಯಾಗುವುದುಂಟು.

ಕಡ್ಡಿಯಿಂದ ಬಂದ ಗಿಡ ತಾಯಿಗಿಡದ್ದೇ ಮುಂದುವರಿಕೆ. ಬೀಜದಿಂದ ಬಂದದ್ದು ಅದರ ಮಗು, ಅಂದರೆ ಹಿಂದೆಂದೂ ಇಲ್ಲದಿದ್ದ ಇನ್ನೊಂದು ಗಿಡ. ಗುಲಾಬಿಯ ಕುಲದಲ್ಲಿ ವರ್ಣತಂತುಗಳ, ಅಂದರೆ ವಂಶಗುಣಗಳನ್ನು ಹೊತ್ತ ಎಳೆಗಳ, ಮೂಲ ಸಂಖ್ಯೆ 7. ಅನೇಕ ಕಾಡುಗುಲಾಬಿಗಳಲ್ಲಿ ಇವು ಏಳೇಳರ ಎರಡು ಗುಂಪುಗಳಾಗಿ 14 ಇದ್ದರೆ, ಇಂದಿನ ಹೆಚ್ಚಿನ ತೋಟದ ಗುಲಾಬಿಗಳಲ್ಲಿ ನಾಲ್ಕು ಗುಂಪುಗಳಾಗಿ 28 ಇರುತ್ತವೆ, ಮತ್ತು ಆ ನಾಲ್ಕರಲ್ಲಿ ಚೀನಾ, ಪಶ್ಚಿಮ ಏಷ್ಯಾ, ಯುರೋಪುಗಳ ಪೂರ್ವಜರ ಗುಣಗಳು ಬೆರೆತಿರುತ್ತವೆ. ಆದ್ದರಿಂದ ಒಂದೇ ಕೆಂಪು ಗುಲಾಬಿಯ ಹತ್ತು ಬೀಜಗಳಿಂದ ಹತ್ತು ಬಗೆಯ ಗಿಡಗಳು ಹುಟ್ಟಬಹುದು, ಅವುಗಳಲ್ಲಿ ತಾಯಿಯನ್ನು ಹೋಲುವುದು ಒಂದೂ ಇಲ್ಲದಿರಬಹುದು. ಅಜ್ಜಿಯ ಕಾಲದ ಪನ್ನೀರು ಗುಲಾಬಿಯನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಕಡ್ಡಿಯೇ ದಾರಿ. ಹೊಸದೊಂದು ಹುಟ್ಟಲಿ ಎನ್ನುವವರಿಗೆ ಮಾತ್ರ ಬೀಜ. ಈ ಭೇದವನ್ನು ತಿಳಿಯದೆ ಬೀಜ ಬಿತ್ತಿದವರು ನಿರಾಶರಾಗುತ್ತಾರೆ, ತಿಳಿದು ಬಿತ್ತಿದವರಿಗೆ ಪ್ರತಿ ಮೊಳಕೆಯೂ ಕುತೂಹಲದ ವಸ್ತುವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಯುರೋಪಿನ ಬಹುಪಾಲು ಬೆಳೆಗಾರರು ದುಂಬಿ, ಜೇನ್ನೊಣಗಳು ಮಾಡಿದ ಪರಾಗಸ್ಪರ್ಶವನ್ನೇ ನೆಚ್ಚಿ, ತಾನಾಗಿ ಕಟ್ಟಿದ ಕಾಯಿಗಳ ಬೀಜವನ್ನು ರಾಶಿಯಾಗಿ ಬಿತ್ತಿ, ಬಂದದ್ದರಲ್ಲಿ ಚೆಲುವಾದದ್ದನ್ನು ಆರಿಸಿಕೊಳ್ಳುತ್ತಿದ್ದರು. ಹೈಬ್ರಿಡ್ ಟೀ ಎಂಬ ವರ್ಗದ ಮೊದಲ ಗುಲಾಬಿಯೆಂದು ಹೆಸರಾದ, ಗಿಯೋ ಎಂಬ ಫ್ರೆಂಚ್ ಬೆಳೆಗಾರ 1867ರಲ್ಲಿ ಹೊರತಂದ ‘ಲಾ ಫ್ರಾನ್ಸ್’ನ ತಂದೆತಾಯಿಗಳು ಯಾರೆಂಬುದು ಇಂದಿಗೂ ಖಚಿತವಿಲ್ಲ. ಈ ಪದ್ಧತಿಯನ್ನು ಬದಲಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ರೈತ ಹೆನ್ರಿ ಬೆನೆಟ್. ದನಗಳ ತಳಿ ಸುಧಾರಣೆಯಲ್ಲಿ ಹೋರಿ ಯಾವುದು, ಹಸು ಯಾವುದು ಎಂದು ಲೆಕ್ಕವಿಡುವಂತೆಯೇ ಗುಲಾಬಿಯಲ್ಲೂ ತಂದೆತಾಯಿಗಳನ್ನು ಆರಿಸಿ ಕೂಡಿಸಿದ ಆತ 1879ರಲ್ಲಿ ವಂಶಾವಳಿ ಗೊತ್ತಿರುವ ಹತ್ತು ಗುಲಾಬಿಗಳನ್ನು ಮಾರುಕಟ್ಟೆಗೆ ತಂದನು. ಹೂ ಪೂರ್ತಿ ಅರಳುವ ಮೊದಲೇ ಎಸಳುಗಳನ್ನೂ ಕೇಸರಗಳನ್ನೂ ಕಿತ್ತು, ನಡುವಿನ ಶಲಾಕಾಗ್ರಗಳಿಗೆ ಬೇಕಾದ ಗಿಡದ ಪರಾಗವನ್ನು ಬೆರಳಿನಿಂದಲೋ ಕುಂಚದಿಂದಲೋ ಸವರುವ ಕೆಲಸ ಮನೆಯಂಗಳದಲ್ಲೂ ಆಗುವಂಥದ್ದು.

ಪರಾಗ ಹಿಡಿದರೆ ಹೂವಿನ ಕೆಳಗಿನ ಹಸಿರು ಗಂಟು ಉಬ್ಬುತ್ತದೆ. ಸುಮಾರು ನಾಲ್ಕು ತಿಂಗಳಲ್ಲಿ ಅದು ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ವಾಡಿಕೆಯಲ್ಲಿ ಇದನ್ನು ಹಣ್ಣು ಎಂದರೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಹೂವಿನ ಪೀಠವೇ ತಿರುಳುಗಟ್ಟಿ ಬಟ್ಟಲಿನಂತೆ ಆದದ್ದು, ನಿಜವಾದ ಹಣ್ಣುಗಳೆಂದರೆ ಒಳಗೆ ಒತ್ತೊತ್ತಾಗಿ ಕುಳಿತಿರುವ, ಬೀಜವೆಂದೇ ಎಲ್ಲರೂ ಕರೆಯುವ ಗಟ್ಟಿ ಕಾಳುಗಳು. ಪ್ರತಿ ಕಾಳಿನ ಚಿಪ್ಪಿನೊಳಗೆ ಒಂದೊಂದು ಬೀಜ. ಹಣ್ಣನ್ನು ಅಡ್ಡಲಾಗಿ ಸೀಳಿದರೆ ತಿಳಿಹಳದಿ ಅಥವಾ ಕಂದು ಬಣ್ಣದ, ಮೂಲೆಮೂಲೆಯಾದ ಆ ಕಾಳುಗಳೂ, ಅವುಗಳ ನಡುವೆ ಚುಚ್ಚುವ ನವಿರು ರೋಮಗಳೂ ಕಾಣುತ್ತವೆ. ರೋಮ ತಗುಲಿದರೆ ಚರ್ಮ ತುರಿಸುವುದರಿಂದ ಬೀಜ ಬಿಡಿಸುವಾಗ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಎಸಳುಗಳು ತೀರಾ ದಟ್ಟವಾಗಿರುವ ಜಾತಿಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುವುದರಿಂದ ಕಾಯಿ ಕಟ್ಟುವುದು ಅಪರೂಪ. ಐದರಿಂದ ಇಪ್ಪತ್ತು ಎಸಳಿನ ಗಿಡಗಳೇ ಹೊಸಬರಿಗೆ ಹೆಚ್ಚು ಅನುಕೂಲ.

ಬಿಡಿಸಿದ ಬೀಜವನ್ನು ತಿರುಳೆಲ್ಲ ಹೋಗುವಂತೆ ತೊಳೆದು ಹಾಗೆಯೇ ಮಣ್ಣಿಗೆ ಹಾಕಿದರೆ ಬಹುಪಾಲು ಮೊಳೆಯುವುದೇ ಇಲ್ಲ. ಗುಲಾಬಿ ಮೂಲತಃ ಚಳಿಗಾಲ ಕಾಣುವ ನಾಡುಗಳ ಗಿಡ. ಶರತ್ಕಾಲದಲ್ಲಿ ನೆಲಕ್ಕೆ ಬಿದ್ದ ಬೀಜ ತಕ್ಷಣ ಮೊಳೆತರೆ ಎಳೆಗಿಡ ಹಿಮದಲ್ಲಿ ಸಾಯುತ್ತದೆಂಬ ಕಾರಣಕ್ಕೆ, ದಪ್ಪ ಚಿಪ್ಪೂ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನೂ ಸೇರಿ ಮೊಳಕೆಯನ್ನು ತಡೆದು ನಿಲ್ಲಿಸುತ್ತವೆ. ಬೀಜಶಾಸ್ತ್ರದಲ್ಲಿ ಇದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ. ತೇವ ಮತ್ತು ತಂಪು ಎರಡೂ ಕೂಡಿ ವಾರಗಟ್ಟಲೆ ಇದ್ದಾಗ ಈ ತಡೆ ಸಡಿಲವಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಕೂಡ ಈ ಲೆಕ್ಕಕ್ಕೆ ಸಾಲದು, ಆದರೆ ಅಡುಗೆಮನೆಯ ಫ್ರಿಜ್ ಸಾಲುತ್ತದೆ. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಬೀಜವನ್ನು ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿರುವ ಕೆಳಗಿನ ಖಾನೆಯಲ್ಲಿ ಎಂಟರಿಂದ ಹನ್ನೆರಡು ವಾರ ಬಿಡಬೇಕು. ಮೇಲಿನ ಫ್ರೀಜರ್ ಆಗದು. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಹಿಡಿದದ್ದನ್ನು ತೆಗೆದುಹಾಕಿ, ಉಳಿದದ್ದಕ್ಕೆ ಹೊಸ ಕಾಗದ ಹಾಕುವುದೂ ಅಗತ್ಯ. ತಕ್ಷಣ ಬಿತ್ತುವ ಉದ್ದೇಶವಿಲ್ಲದಿದ್ದರೆ ಬೀಜವನ್ನು ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲೇ ಇಟ್ಟು, ಬೇಕಾದಾಗ ತೇವದ ತಂಪಿಗೆ ಹಾಕಬಹುದು.

ಫ್ರಿಜ್ಜಿನಿಂದ ಹೊರಬಂದ ಬೀಜಕ್ಕೆ 15ರಿಂದ 20 ಡಿಗ್ರಿಯ ಹದ ಹಿತ. ಕಡುಬೇಸಿಗೆಯ ಬಿಸಿಗೆ ಒಡ್ಡಿದರೆ ಅದು ಮತ್ತೆ ನಿದ್ದೆಗೆ ಜಾರುವುದುಂಟು. ಮೊದಲು ಕಾಣುವುದು ಎರಡು ದುಂಡು ಬೀಜದಳಗಳು, ಆಮೇಲೆ ಸಾಮಾನ್ಯವಾಗಿ ಮೂರು ಪುಟ್ಟ ಎಲೆಗಳ ಗರಿ, ಐದೆಲೆಯ ಗರಿ ಬರುವುದು ಅದರ ಮುಂದೆ. ವರ್ಷವಿಡೀ ಹೂ ಬಿಡುವ ತಳಿಗಳ ಮಕ್ಕಳು ಕೆಲವೇ ವಾರಗಳಲ್ಲಿ, ಗೇಣುದ್ದವೂ ಆಗದೆ, ಒಂದು ಪುಟ್ಟ ಹೂವನ್ನು ತೋರಿಸಿಬಿಡುತ್ತವೆ. ಈ ಮರಳಿ ಮರಳಿ ಅರಳುವ ಗುಣ ಚೀನಾದ ಗುಲಾಬಿಯಿಂದ ಬಂದದ್ದು, ಹೂಬಿಡುವುದಕ್ಕೆ ತಡೆಹಾಕುವ ಒಂದು ಜೀನ್ ಕೆಟ್ಟಿರುವುದೇ ಅದರ ಮೂಲ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಗುಣ ಹೊರಬೀಳುವುದರಿಂದ, ವರ್ಷಕ್ಕೊಮ್ಮೆ ಅರಳುವ ಕಾಡುಗುಲಾಬಿಯೊಡನೆ ಕೂಡಿಸಿದಾಗ ಮೊದಲ ತಲೆಮಾರಿನ ಗಿಡಗಳು ಎರಡು ಮೂರು ವರ್ಷ ಹೂವನ್ನೇ ತೋರದಿರಬಹುದು.

ಕೊಡೈಕೆನಾಲಿನಲ್ಲಿ ನೆಲೆಸಿ, ಮಣಿಪುರದ ಬೆಟ್ಟಗಳ ರೋಸಾ ಜೈಗಾಂಟಿಯಾವನ್ನೂ ನೀರು ನಿಲ್ಲುವ ನೆಲವನ್ನು ಸಹಿಸುವ ರೋಸಾ ಕ್ಲೈನೊಫಿಲ್ಲಾವನ್ನೂ ಬಳಸಿ ಬೆಚ್ಚನೆಯ ಸೀಮೆಗೆ ಹೊಂದುವ ಗುಲಾಬಿಗಳನ್ನು ರೂಪಿಸಿದ ವೀರರಾಘವನ್ ದಂಪತಿಯ ದಶಕಗಳ ಕೆಲಸಕ್ಕೆ ಇಂಥ ತಾಳ್ಮೆಯೇ ತಳಹದಿ. ತಂಪು ದೇಶಗಳ ತಳಿಗಳನ್ನು ತಂದು ಔಷಧಿ ಹೊಡೆದು ಕಾಪಾಡುವುದಕ್ಕಿಂತ, ಇಲ್ಲಿನ ಬಿಸಿಲಿಗೂ ಮಳೆಗೂ ಒಗ್ಗಿದ ಗಿಡಗಳ ಬೀಜದಿಂದ ಹೊಸ ಗುಲಾಬಿ ಹುಟ್ಟಿಸುವುದು ಹೆಚ್ಚು ಬಾಳಿಕೆಯ ದಾರಿ.

ನೀಲಿ ಗುಲಾಬಿಯ ಬೀಜ, ಕಾಮನಬಿಲ್ಲಿನ ಬಣ್ಣದ ಗುಲಾಬಿಯ ಬೀಜ ಎಂದು ಅಂತರ್ಜಾಲದಲ್ಲಿ ಮಾರುವ ಪೊಟ್ಟಣಗಳನ್ನು ಕೊಳ್ಳಬಾರದು; ಹೂವಿಗೆ ನೀಲಿ ಕೊಡುವ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಶಕ್ತಿ ಗುಲಾಬಿಗೆ ಹುಟ್ಟಿನಿಂದಲೇ ಇಲ್ಲ. ಸ್ವಂತ ಅಂಗಳದಲ್ಲಿ ಕಟ್ಟಿದ ಒಂದೇ ಒಂದು ಕಾಯಿ ಅಂಥ ನೂರು ಪೊಟ್ಟಣಗಳಿಗೆ ಮೇಲು. ಆ ಕಾಯಿಗೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಪರಾಗ ಸವರಿದ ದಿನಾಂಕ ಬರೆದ ಚೀಟಿ ಕಟ್ಟಿರಬೇಕು. ಕುಂಡದಲ್ಲಿ ನೂರಕ್ಕೆ ಇಪ್ಪತ್ತು ಬೀಜ ಮಾತ್ರ ಮೊಳೆತು ಉಳಿದವು ಸುಮ್ಮನಿದ್ದರೆ ಅವನ್ನು ಎಸೆಯದೆ, ಅದೇ ಚೀಟಿಯೊಡನೆ ಮತ್ತೊಮ್ಮೆ ಫ್ರಿಜ್ಜಿಗೆ ಸೇರಿಸಬೇಕು, ಏಕೆಂದರೆ ಕೆಲವು ಬೀಜಗಳು ಏಳುವುದು ಎರಡನೆಯ ಚಳಿಗಾಲ ಕಳೆದ ಮೇಲೆಯೇ.