ಸ್ವೆಟರ್ ಅಂಗಡಿಯಲ್ಲೊಂದು ಕನ್ನಡದ ದನಿ

ಕೊಯಾಲಿ: ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ವಡೋದರಾ, ಅಹ್ಮದಾಬಾದ್ ನಗರಗಳಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕೊಯಾಲಿ ರಿಫೈನರಿಯ ಆಸುಪಾಸಿನ ನಮ್ಮ ಕನ್ನಡಿಗರೂ ಮಕ್ಕಳಿಗೆ ಟೋಪಿ, ಸ್ವೆಟರ್ ಕೊಳ್ಳಲು ಅಲ್ಲಿಗೆ ಹೋಗುವುದುಂಟು. ಆದರೆ ಬೆಲೆ ಕೇಳಿ, ‘ಜಾಸ್ತಿ ಆಯ್ತು, ಮುಂದೆ ನೋಡೋಣ’ ಎಂದು ಮನೆಯವರೊಡನೆ ಕನ್ನಡದಲ್ಲಿ ಪಿಸುಗುಟ್ಟುವಾಗ ತುಸು ಎಚ್ಚರವಿರಲಿ. ‘ಕಮ್ಮಿ ಮಾಡಿ ಕೊಡ್ತೀನಿ, ಬನ್ನಿ ಅಕ್ಕ’ ಎಂದು ಅಂಗಡಿಯಾಕೆಯೇ ಕನ್ನಡದಲ್ಲಿ ಕರೆದಾಳು! ಚಳಿಗಾಲದ ಈ ವ್ಯಾಪಾರಕ್ಕೆ ಊರೂರು ತಿರುಗುವ ಟಿಬೆಟಿಯನ್ನರಲ್ಲಿ ನಮ್ಮ ಬೈಲಕುಪ್ಪೆ, ಮುಂಡಗೋಡಿನವರೂ ಇದ್ದಾರೆ.

ಇವರ ಹಿರಿಯರು ಕರ್ನಾಟಕ ಸೇರಿದ್ದು ಸುಲಭದ ದಾರಿಯಲ್ಲಲ್ಲ. 1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲಾಸಾ ತೊರೆದಾಗ ಅವರ ಹಿಂದೆಯೇ ಸಾವಿರಾರು ಕುಟುಂಬಗಳು ಹಿಮಾಲಯ ದಾಟಿದವು. ಅಸ್ಸಾಮಿನ ಮಿಸ್ಸಾಮಾರಿಯಂಥ ಶಿಬಿರಗಳಲ್ಲಿ ಕೆಲಕಾಲವಿದ್ದು, ಅನೇಕರು ಬೆಟ್ಟಗಾಡಿನ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆದರು. ಪ್ರಧಾನಿ ನೆಹರೂ ಅವರ ಕೋರಿಕೆಗೆ ಓಗೊಟ್ಟು ಜಮೀನು ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಂಚೂಣಿಯಲ್ಲಿತ್ತು. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಅರಣ್ಯಭೂಮಿ ದೊರೆಯಿತು. ಮುಂದೆ 1966ರಲ್ಲಿ ಮುಂಡಗೋಡು, ಅನಂತರ ಹುಣಸೂರು, ಕೊಳ್ಳೇಗಾಲ ಭಾಗಗಳಲ್ಲೂ ವಸತಿಗಳಾದವು. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಉಪಕಾರವನ್ನು ದಲಾಯಿ ಲಾಮಾ ಹಲವು ಬಾರಿ ಸ್ಮರಿಸಿದ್ದಾರೆ.

ಜಮೀನು ಸಿಕ್ಕಿದ ಮಾತ್ರಕ್ಕೆ ಮನೆ ಆಗುವುದಿಲ್ಲವಷ್ಟೆ. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ಡೇರೆಗಳಲ್ಲಿದ್ದು ಕಾಡು ಕಡಿದರು, ಸೆಕೆ ಸಹಿಸಿದರು, ಬೆಳೆಗೆ ನುಗ್ಗುವ ಆನೆಗಳನ್ನು ಕಾದರು. ಬಾರ್ಲಿ ಬೆಳೆದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು. ಸಹಕಾರಿ ಸಂಘಗಳು ಕೃಷಿಗೆ ಆಸರೆಯಾದವು. ಮಕ್ಕಳಿಗಾಗಿ ಕೇಂದ್ರ ಸರಕಾರ 1961ರಿಂದ ಪ್ರತ್ಯೇಕ ಶಾಲಾ ವ್ಯವಸ್ಥೆ ಮಾಡಿತು. ಇಂದು ಗ್ರಾಮಾಭಿವೃದ್ಧಿಗೆ ಹೆಸರಾದ ‘ಮೈರಾಡ’ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗಾಗಿ ಎಂಬುದು ಬಹುಮಂದಿಗೆ ತಿಳಿಯದು.

ಮಳೆ ನಂಬಿದ ಬೇಸಾಯದಿಂದ ಹೊಟ್ಟೆ ತುಂಬದಾದಾಗ ಕೈಹಿಡಿದದ್ದು ಈ ಸ್ವೆಟರ್ ವ್ಯಾಪಾರ. ಲುಧಿಯಾನಾದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಸರಕು ತಂದು, ಚಳಿಗಾಲವಿಡೀ ಪರವೂರಿನಲ್ಲಿ ಮಾರಿ, ಸಾಲ ತೀರಿಸಿ, ತಮ್ಮ ಹೊಸ ವರ್ಷ ‘ಲೋಸಾರ್’ ಹಬ್ಬದ ಹೊತ್ತಿಗೆ ಮನೆ ಸೇರುವುದು ಕ್ರಮ. ಚಳಿ ಕಡಿಮೆಯಾದ ವರ್ಷ ಸರಕು ಉಳಿಯುತ್ತದೆ, ಸಾಲವೂ ಉಳಿಯುತ್ತದೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಇವರ ಬದುಕು ಅಪರಿಚಿತವೇನಲ್ಲ. 1965ರಲ್ಲಿ ಕೊಯಾಲಿ ರಿಫೈನರಿ ಆರಂಭವಾದಾಗ ಬೈಲಕುಪ್ಪೆಯ ವಸತಿಯೂ ಇನ್ನೂ ಹೊಸತು. ಆದರೆ ಒಂದು ದೊಡ್ಡ ಅಂತರವಿದೆ. ರಜೆ ಸಿಕ್ಕರೆ ನಾವು ಊರಿನ ರೈಲು ಹತ್ತುತ್ತೇವೆ. ಅವರಿಗೆ ಹಿಂದಿರುಗುವ ಹಾದಿ ತೆರೆದಿಲ್ಲ. ಉಳುವ ನೆಲವೂ ಸ್ವಂತದ್ದಲ್ಲ, ಸರಕಾರದ್ದು. ಕಾನೂನಿನ ಲೆಕ್ಕದಲ್ಲಿ ಅನೇಕರು ಇನ್ನೂ ವಿದೇಶಿಯರು. ಕಾಲಕಾಲಕ್ಕೆ ನೋಂದಣಿ ಪತ್ರ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು. ಟಿಬೆಟಿನಿಂದ ಬಂದ ದಂಪತಿಯ ಮಕ್ಕಳಲ್ಲಿ 1986ರಲ್ಲಿ ಹುಟ್ಟಿದ ಅಣ್ಣ ಈ ನೆಲದ ಪೌರ, 1988ರಲ್ಲಿ ಹುಟ್ಟಿದ ತಮ್ಮ ಅಲ್ಲ! ಇತ್ತ ಓದಿದ ಮಕ್ಕಳು ಯುರೋಪ್, ಅಮೆರಿಕಗಳತ್ತ ಮುಖ ಮಾಡುತ್ತಿದ್ದು, ಹಿರಿಯರು ಕಟ್ಟಿದ ವಸತಿಗಳಲ್ಲಿ ಮನೆಗಳು ಬರಿದಾಗುತ್ತಿವೆ.

ಹೊರನಾಡಿನಲ್ಲಿ ಕನ್ನಡ ಉಳಿಸುವ ಮಾತನ್ನು ನಮ್ಮ ಸಂಘಗಳ ವೇದಿಕೆಗಳಲ್ಲಿ ಪ್ರತಿ ವರ್ಷ ಆಡುತ್ತೇವೆ. ನವೆಂಬರಿನಲ್ಲಿ ರಾಜ್ಯೋತ್ಸವ ನಡೆಯುವ ಹೊತ್ತಿಗೇ ಈ ಅಂಗಡಿಗಳೂ ತೆರೆದಿರುತ್ತವೆ. ಕನ್ನಡ ಬಲ್ಲ ಒಂದು ಟಿಬೆಟಿಯನ್ ಕುಟುಂಬವನ್ನು ಊಟಕ್ಕೆ ಕರೆದರೆ ಸಂಘಕ್ಕೇನೂ ಹೊರೆಯಾಗದು. ಕರ್ನಾಟಕದಿಂದಲೇ ಬಂದ ಅವರೂ ನಮ್ಮಂತೆ ಹೊರನಾಡಿನವರೇ ಅಲ್ಲವೇ?